ದೀವದ ಬೇಟೆ ಮತ್ತು ಮಾಯಾಕಷಾಯ

ಗೃಹಸ್ಥನು ತ್ಯಜಿಸಬೇಕಾದ ವ್ಯಸನಗಳು ಏಳೆಂದು ನಮ್ಮ ಆಚಾರ್ಯರು ಎಣಿಸಿದ್ದಾರೆ. ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು ಮತ್ತು ಪರಸ್ತ್ರೀಸಂಗ ಇವೇ ಆ ಏಳು. ಮಾಂಸಭಕ್ಷಣವನ್ನು ಒಂದು ವ್ಯಸನವೆಂದು ಹೇಳಿದ ಮೇಲೆ ಬೇಟೆಯನ್ನು ಮತ್ತೆ ಪ್ರತ್ಯೇಕವಾಗಿ ಹೇಳುವ ಅಗತ್ಯವೇನಿತ್ತು ಎಂಬ ಪ್ರಶ್ನೆ ವಿಚಾರವಂತರಿಗೆ ಸಹಜವಾಗಿಯೇ ಮೂಡುತ್ತದೆ. ಉತ್ತರವು ಸ್ಪಷ್ಟವಾಗಿದೆ. ಮಾಂಸದ ಆಸೆಯಿಲ್ಲದವನೂ ಬೇಟೆಯಾಡುತ್ತಾನೆ. ಕೊಲ್ಲುವ ಕ್ರಿಯೆಯಲ್ಲಿಯೇ ಅವನಿಗೆ ವಿನೋದವುಂಟು. ಪ್ರಾಕೃತದಲ್ಲಿ ಬೇಟೆಗೆ ‘ಪಾರದ್ಧಿ’ ಎಂದು ಹೆಸರು. ಸಂಸ್ಕೃತದ ಶ್ರಾವಕಾಚಾರಗಳಲ್ಲಿ ಅದು ‘ಪಾಪರ್ಧಿ’ ಎಂದಾಯಿತು. ಪಾಪದ ಸಮೃದ್ಧಿ ಎಂದು ಅದರ ಅರ್ಥ. ಈ ವ್ಯಸನದಿಂದ ಕೆಟ್ಟವನಿಗೆ ಬ್ರಹ್ಮದತ್ತ ಚಕ್ರವರ್ತಿಯನ್ನು ಉದಾಹರಿಸುವುದು ರೂಢಿ. ಷಟ್ಖಂಡಾಧಿಪತಿಗೆ ಆಹಾರದ ಕೊರತೆಯಿತ್ತೆಂದು ಯಾರೂ ಹೇಳಲಾರರು.

ಬೇಟೆಯ ಕ್ರಮಗಳು ಅನೇಕ. ಓಡಿಸಿ ಕೊಲ್ಲುವುದು, ನಾಯಿಗಳನ್ನು ಬಿಟ್ಟು ಹಿಡಿಯುವುದು, ಗುಂಡಿ ತೋಡುವುದು, ಉರುಳು ಒಡ್ಡುವುದು ಇತ್ಯಾದಿ. ಇವುಗಳಲ್ಲಿ ಒಂದು ಕ್ರಮವು ವಿಶೇಷ ವಿಚಾರಣೆಗೆ ಅರ್ಹವಾದುದು. ಪ್ರಾಣಿಯ ಧ್ವನಿಯನ್ನೇ ಅನುಕರಿಸಿ ಪ್ರಾಣಿಯನ್ನು ಕರೆಯುವುದು, ಅಥವಾ ಅದರದೇ ಜಾತಿಯ ಪಳಗಿದ ಪ್ರಾಣಿಯನ್ನೋ ಕೃತಕ ಬೊಂಬೆಯನ್ನೋ ಮುಂದಿಟ್ಟು ಅದನ್ನು ಸೆಳೆದು ಕೊಲ್ಲುವುದು ಆ ಕ್ರಮ. ಹಳಗನ್ನಡದಲ್ಲಿ ಇಂತಹ ಸೆಳೆಯುವ ಪ್ರಾಣಿಗೆ ‘ದೀವ’ ಎಂಬ ಹೆಸರಿದೆ. ‘ದೀಹ’ ಎಂಬ ರೂಪವೂ ಉಂಟು. ಒಂದು ಭಾಷೆಯಲ್ಲಿ ಪದವಿರಬೇಕಾದರೆ ಆ ವಸ್ತುವು ಬಳಕೆಯಲ್ಲಿ ಇದ್ದಿರಲೇಬೇಕು. ಈ ದೀವದ ಬೇಟೆಯ ಇತಿಹಾಸವನ್ನು ಸಂಕ್ಷೇಪವಾಗಿ ಅವಲೋಕಿಸಿ, ಅಲ್ಲಿ ಹಿಂಸೆಯೊಡನೆ ಕೂಡಿಕೊಳ್ಳುವ ಮಾಯಾಕಷಾಯವು ಶ್ರಾವಕನಿಗೆ ಕಲಿಸುವ ಪಾಠವೇನೆಂಬುದನ್ನು ವಿಚಾರ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸೆಳೆಯುವ ವಿಧಾನ

ಸಕಲ ಸಂಸಾರಿ ಜೀವಿಗಳಲ್ಲಿಯೂ ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳಿವೆಯೆಂದು ನಮ್ಮ ಆಗಮಗಳು ಹೇಳುತ್ತವೆ. ಬೇಟೆಗಾರನು ಶಾಸ್ತ್ರವನ್ನು ಓದಿದವನಲ್ಲದಿದ್ದರೂ ಈ ನಾಲ್ಕನ್ನೂ ಚೆನ್ನಾಗಿ ಬಲ್ಲನು. ತಮಟೆ ಬಡಿದು, ಬೊಬ್ಬೆಯಿಟ್ಟು, ಮೃಗಗಳನ್ನು ಒಂದೇ ದಿಕ್ಕಿಗೆ ಸೋಹುವಾಗ ಅವನು ಭಯಸಂಜ್ಞೆಯನ್ನು ಬಳಸುತ್ತಾನೆ. ಕಾಳು ಚೆಲ್ಲಿ ಬಲೆ ಹಾಸುವಾಗ ಆಹಾರಸಂಜ್ಞೆಯನ್ನು ಬಳಸುತ್ತಾನೆ. ಸಂಗಾತಿಯ ಕೂಗನ್ನು ಅನುಕರಿಸುವಾಗ ಮೈಥುನಸಂಜ್ಞೆಯು ಅವನಿಗೆ ಸಾಧನವಾಗುತ್ತದೆ. ನಮ್ಮ ಬಯಲುಸೀಮೆಯ ಗೌಜಲಹಕ್ಕಿಯ ಬೇಟೆಯಲ್ಲಿ ಕಾಣುವುದು ಪರಿಗ್ರಹಸಂಜ್ಞೆ. ಗಂಡು ಗೌಜಲಹಕ್ಕಿಯು ತಾನಿರುವ ನೆಲವನ್ನು ತನ್ನದೆಂದು ಭಾವಿಸುತ್ತದೆ. ಪಂಜರದಲ್ಲಿಟ್ಟ ಸಾಕಿದ ಗಂಡುಹಕ್ಕಿಯೊಂದನ್ನು ಬೆಳಗಿನ ಜಾವ ಪೊದೆಯ ಬಳಿ ತಂದಿಟ್ಟರೆ ಅದು ಕೂಗುತ್ತದೆ. ತನ್ನ ನೆಲಕ್ಕೆ ಬೇರೊಬ್ಬನು ಬಂದನೆಂದು ಕಾಡಿನ ಹಕ್ಕಿಯು ಕೆರಳಿ ಓಡಿಬಂದು, ಪಂಜರದ ಸುತ್ತಲೂ ಒಡ್ಡಿದ ಉರುಳಿನಲ್ಲಿ ಸಿಕ್ಕಿಬೀಳುತ್ತದೆ.

ಈ ನಾಲ್ಕು ಸಂಜ್ಞೆಗಳಿಗಿಂತ ಮಿಗಿಲಾದ ಇನ್ನೊಂದುಂಟು. ಅದು ವಾತ್ಸಲ್ಯ. ಮರಿಯ ಆರ್ತನಾದವನ್ನು ಅನುಕರಿಸಿದರೆ ತಾಯಿಯು ತನ್ನ ಜೀವದ ಹಂಗು ತೊರೆದು ಬರುತ್ತದೆ. ಇಲ್ಲಿ ಪ್ರಾಣಿಯು ಸಾಯುವುದು ತನ್ನ ಲೋಭದಿಂದಲೂ ಅಲ್ಲ, ಕಾಮದಿಂದಲೂ ಅಲ್ಲ; ತನ್ನಲ್ಲಿರುವ ಸದ್ಗುಣದಿಂದಲೇ ಸಾಯುತ್ತದೆ. ದೀವದ ಬೇಟೆಯ ಕ್ರೌರ್ಯವು ಈ ಸಂದರ್ಭದಲ್ಲಿ ತನ್ನ ಪೂರ್ಣರೂಪವನ್ನು ತೋರುತ್ತದೆ.

ಈ ಕ್ರಮವು ಯಾವುದೋ ಒಂದು ದೇಶಕ್ಕೆ ಸೀಮಿತವಾದುದಲ್ಲ. ಅಮೆರಿಕದ ನೆವಾಡಾ ರಾಜ್ಯದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಜೊಂಡುಹುಲ್ಲಿನಿಂದ ಕಟ್ಟಿದ ಬಾತುಕೋಳಿಯ ಬೊಂಬೆಗಳು ದೊರೆತವು. ಅವು ಸುಮಾರು 2000 ವರ್ಷಗಳಷ್ಟು ಹಳೆಯವು. ಅದೇ ಖಂಡದಲ್ಲಿ ಇಂದಿಗೂ ಕಯೋಟಿ ಎಂಬ ಪ್ರಾಣಿಯನ್ನು ಇದೇ ರೀತಿಯಲ್ಲಿ ಕೊಲ್ಲುತ್ತಾರೆ. ಇದು ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು; ಅವುಗಳದೇ ಕುಲಕ್ಕೆ ಸೇರಿದ್ದು. ಚಳಿಗಾಲದಲ್ಲಿ ಹಿಮ ಬಿದ್ದು ಆಹಾರವು ವಿರಳವಾಗಿರುತ್ತದೆ, ತುಪ್ಪಳವು ದಟ್ಟವಾಗಿ ಬೆಳೆದು ಚರ್ಮಕ್ಕೆ ಬೆಲೆ ಬಂದಿರುತ್ತದೆ, ಜನವರಿ–ಫೆಬ್ರವರಿಯ ಹೊತ್ತಿಗೆ ಅವು ಸಂಗಾತಿಯನ್ನು ಅರಸುತ್ತಿರುತ್ತವೆ. ಬೇಟೆಗಾರನು ಬಿಳಿಯ ಬಟ್ಟೆ ತೊಟ್ಟು ಹಿಮದಲ್ಲಿ ಅಡಗಿ ಕುಳಿತು, ಗಾಯಗೊಂಡ ಮೊಲದ ಚೀತ್ಕಾರವನ್ನು ಊದುಗೊಳವೆಯಿಂದಲೋ ವಿದ್ಯುತ್ ಯಂತ್ರದಿಂದಲೋ ಹೊರಡಿಸುತ್ತಾನೆ. ಸ್ವಲ್ಪ ದೂರದಲ್ಲಿ ಮೊಲದ ಬಾಲದಂತಹ ಒಂದು ಬೊಂಬೆಯು ಅಲುಗಾಡುತ್ತಿರುತ್ತದೆ. ಕೆಲವೊಮ್ಮೆ ಕಯೋಟಿ ಮರಿಯ ಅಳುವಿನ ಧ್ವನಿಯನ್ನೇ ಹೊರಡಿಸಿ ತಾಯಿತಂದೆಗಳನ್ನು ಕರೆಯುವುದೂ ಉಂಟು. ಅತಿ ಹೆಚ್ಚು ಕೊಂದವರಿಗೆ ಬಹುಮಾನ ನೀಡುವ ಸ್ಪರ್ಧೆಗಳೂ ನಡೆಯುತ್ತವೆ. ಇವುಗಳ ವಿರುದ್ಧ ಅಲ್ಲಿನ ವಿವೇಕಿಗಳೇ ಧ್ವನಿಯೆತ್ತಿದ್ದರಿಂದ ಕ್ಯಾಲಿಫೋರ್ನಿಯಾದಲ್ಲಿ 2014ರಲ್ಲಿ, ವರ್ಮಾಂಟ್‌ನಲ್ಲಿ 2018ರಲ್ಲಿ, ನ್ಯೂ ಮೆಕ್ಸಿಕೊದಲ್ಲಿ 2019ರಲ್ಲಿ ಇಂತಹ ಸ್ಪರ್ಧೆಗಳಿಗೆ ನಿಷೇಧ ಬಂದಿತು. ಶತಮಾನಕ್ಕೂ ಮೀರಿ ಕೊಂದರೂ ಆ ಪ್ರಾಣಿಯ ನೆಲೆಯು ಕುಗ್ಗದೆ ವಿಸ್ತರಿಸಿಯೇ ಇದೆ ಎಂಬುದು ಈ ಸಂಹಾರದ ನಿಷ್ಫಲತೆಗೆ ಸಾಕ್ಷಿಯಾಗಿದೆ.

ಇತಿಹಾಸದಲ್ಲಿ ದೀವ

ಭಾರತದಲ್ಲಿ ದೀವದ ಬೇಟೆಗೆ ದೊರೆಯುವ ಪ್ರಾಚೀನ ವರ್ಣನೆಗಳಲ್ಲಿ ಗ್ರೀಕ್ ರಾಯಭಾರಿ ಮೆಗಸ್ತನೀಸನದು ಮುಖ್ಯವಾದುದು. ಅವನು ಮೌರ್ಯ ಚಂದ್ರಗುಪ್ತನ ಆಸ್ಥಾನಕ್ಕೆ ಬಂದಿದ್ದವನು. ಆಳವಾದ ಕಂದಕದಿಂದ ಸುತ್ತುವರಿದ ಬಯಲಿನಲ್ಲಿ ಪಳಗಿದ ಮೂರು ನಾಲ್ಕು ಹೆಣ್ಣಾನೆಗಳನ್ನು ಬಿಟ್ಟು, ರಾತ್ರಿಯ ವೇಳೆ ಅವುಗಳನ್ನು ಅರಸಿ ಬರುವ ಕಾಡಾನೆಗಳನ್ನು ಒಳಗೆ ಸಿಲುಕಿಸುವ ಕ್ರಮವನ್ನು ಅವನು ವರ್ಣಿಸಿದ್ದಾನೆ. ಅದೇ ಚಂದ್ರಗುಪ್ತನು ರಾಜ್ಯವನ್ನು ತ್ಯಜಿಸಿ ಶ್ರುತಕೇವಲಿ ಭದ್ರಬಾಹುಗಳೊಡನೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನದಿಂದ ದೇಹವನ್ನು ಬಿಟ್ಟನೆಂಬುದು ನಮ್ಮ ಪರಂಪರೆ. ಆನೆಯು ಸ್ಪರ್ಶದಿಂದ, ಮೀನು ರಸದಿಂದ, ದುಂಬಿಯು ಗಂಧದಿಂದ, ಪತಂಗವು ರೂಪದಿಂದ, ಜಿಂಕೆಯು ಶಬ್ದದಿಂದ ನಾಶವಾಗುತ್ತವೆಂದು ನಮ್ಮ ಆಚಾರ್ಯರು ಇಂದ್ರಿಯನಿಗ್ರಹಕ್ಕೆ ಕೊಡುವ ದೃಷ್ಟಾಂತಗಳು ಬೇಟೆಯ ಅನುಭವದಿಂದಲೇ ಬಂದಂತಹವು. ಆಚಾರ್ಯರು ಅವುಗಳಿಂದ ವೈರಾಗ್ಯವನ್ನು ಬೋಧಿಸಿದರು. ಬೇಟೆಗಾರನು ಅವೇ ಸಂಗತಿಗಳಿಂದ ಬಲೆಯನ್ನು ಹೆಣೆದನು.

ಮೈಸೂರು ಸಂಸ್ಥಾನದಲ್ಲಿ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು 1873–74ರಲ್ಲಿ ಚಾಮರಾಜನಗರದ ಕಡೆಯಲ್ಲಿ ಆರಂಭಿಸಿದ ಖೆಡ್ಡಾದಲ್ಲಿಯೂ ಪಳಗಿದ ಆನೆಗಳ ಪಾತ್ರ ದೊಡ್ಡದು. ಕಾಡಾನೆಯನ್ನು ಮಧ್ಯದಲ್ಲಿ ಒತ್ತಿ ಹಿಡಿದು, ಅದರ ಕಾಲಿಗೆ ಹಗ್ಗ ಬಿಗಿಯಲು ನೆರವಾಗುತ್ತಿದ್ದುದು ಅದರ ಜಾತಿಯ ಆನೆಗಳೇ. ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆದು ಆ ಅಧ್ಯಾಯವು ಮುಗಿಯಿತು.

ಇನ್ನು ನಮ್ಮ ಜಿಲ್ಲೆಯ ಕಡೆಗೆ ಬರೋಣ. ಚಿತ್ರದುರ್ಗವು ಬೇಡ ನಾಯಕರು ಆಳಿದ ನಾಡು. ಬೇಡ ಎಂಬ ಪದದಲ್ಲಿಯೇ ಬೇಟೆಯ ನೆನಪಿದೆ. ಆದರೆ ಇದೇ ಜಿಲ್ಲೆಯು ಅಹಿಂಸೆಯ ಅತ್ಯಂತ ಪ್ರಾಚೀನ ಲಿಖಿತ ಆಜ್ಞೆಯನ್ನೂ ತನ್ನ ಒಡಲಿನಲ್ಲಿ ಉಳಿಸಿಕೊಂಡಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ತಾಯಿತಂದೆಗಳ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದೃಢವಾದ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಅಲ್ಲಿನ ಉಪದೇಶದ ಸಾರ. ಪ್ರಾಣಿದಯೆಯ ಬೆನ್ನಿಗೇ ಸತ್ಯವಚನವು ಬಂದಿರುವುದನ್ನು ಓದುಗರು ಗಮನಿಸಬೇಕು. ಅಶೋಕನ ಹದಿನಾಲ್ಕು ಬೃಹತ್ ಶಿಲಾಶಾಸನಗಳು ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿವೆ. ಹಿಂದಿನ ರಾಜರು ಬೇಟೆಯೇ ಮೊದಲಾದ ವಿನೋದಗಳಿಗಾಗಿ ವಿಹಾರಯಾತ್ರೆ ಹೋಗುತ್ತಿದ್ದರೆಂದೂ, ತಾನು ಅದರ ಬದಲಿಗೆ ಧರ್ಮಯಾತ್ರೆಯನ್ನು ಕೈಗೊಂಡೆನೆಂದೂ ಅವನು ಎಂಟನೆಯ ಶಾಸನದಲ್ಲಿ ಹೇಳಿಕೊಂಡಿದ್ದಾನೆ.

ಮುಂದಿನ ಕಾಲದ ಕನ್ನಡ ಅರಸರು ಈ ಮಾರ್ಗದಲ್ಲಿ ನಡೆಯಲಿಲ್ಲವೆಂಬುದನ್ನು ಸತ್ಯದ ದೃಷ್ಟಿಯಿಂದ ಒಪ್ಪಬೇಕಾಗುತ್ತದೆ. ಜಿನಧರ್ಮಕ್ಕೆ ಆಶ್ರಯ ನೀಡಿದ ಗಂಗರ ಮತ್ತು ರಾಷ್ಟ್ರಕೂಟರ ಕಾಲದಲ್ಲಿಯೇ, ಕ್ರಿ.ಶ. 949–50ರ ಆತಕೂರು ಶಾಸನವು ಕಾಳಿ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನು ಕಲ್ಲಿನಲ್ಲಿ ಕೊಂಡಾಡಿದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆ, ಗಿಡುಗನ ಬೇಟೆ, ಮೀನಿನ ಬೇಟೆ ಇವೆಲ್ಲವೂ ರಾಜವಿನೋದಗಳ ಪಟ್ಟಿಯಲ್ಲಿವೆ. ಆತಕೂರಿನ ಕಾಳಿಯಾದರೂ ಹಂದಿಯನ್ನು ಎದುರುಗೊಂಡು ಹೋರಾಡಿತು. ದೀವದ ಬೇಟೆಯಲ್ಲಿ ಎದುರುಗೊಳ್ಳುವಿಕೆಯೇ ಇಲ್ಲ.

ಈ ಭೇದವನ್ನು ಗ್ರಹಿಸಿದ ಒಬ್ಬ ಚಕ್ರವರ್ತಿಯ ಸಂಗತಿಯು ಇಲ್ಲಿ ಉಲ್ಲೇಖಾರ್ಹ. ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲಿ ಜಿಂಕೆಯಿಂದ ಜಿಂಕೆಯನ್ನು ಹಿಡಿಯುವ ಕ್ರಮವು ವಿವರವಾಗಿ ಬಂದಿದೆ. ಪಳಗಿದ ಗಂಡುಜಿಂಕೆಗೆ ಬಲೆಯನ್ನು ಬಿಗಿದು ಬಿಡುತ್ತಿದ್ದರು. ಅದರೊಡನೆ ಕಾದಲು ಬಂದ ಕಾಡುಜಿಂಕೆಯ ಕೊಂಬೋ ಕಾಲೋ ಬಲೆಯಲ್ಲಿ ತೊಡಕಿಕೊಳ್ಳುತ್ತಿತ್ತು. ಇದಲ್ಲದೆ, ರಾತ್ರಿ ದೀಪವನ್ನು ಮರೆಮಾಡಿ ಹಿಡಿದು ಗಂಟೆಯನ್ನು ನುಡಿಸಿ, ಬೆಳಕು ಮತ್ತು ನಾದಗಳಿಗೆ ಮರುಳಾಗಿ ಬಂದ ಪ್ರಾಣಿಗಳನ್ನು ಬಾಣದಿಂದ ಕೊಲ್ಲುವ ಕ್ರಮವನ್ನೂ, ಹಾಡಿನಿಂದ ಜಿಂಕೆಯನ್ನು ಸಮೀಪಕ್ಕೆ ಸೆಳೆದು ಕೊಲ್ಲುವ ಕ್ರಮವನ್ನೂ ಅವನು ಹೇಳಿ, ಈ ಎರಡನ್ನೂ ಅಕ್ಬರನು ಬಹುಕಾಲದಿಂದ ಮೆಚ್ಚುತ್ತಿರಲಿಲ್ಲವೆಂದು ತಿಳಿಸುತ್ತಾನೆ. ಅಕ್ಬರನು ಸ್ವತಃ ಮಹಾ ಬೇಟೆಗಾರನಾಗಿದ್ದವನು. ಅಂತಹವನಿಗೂ ಸಂಗೀತದಿಂದ ನಂಬಿಸಿ ಕೊಲ್ಲುವುದು ಹೇಯವೆನಿಸಿತು. ಶ್ವೇತಾಂಬರ ಆಚಾರ್ಯ ಹೀರವಿಜಯಸೂರಿಗಳು 1583ರಲ್ಲಿ ಗುಜರಾತಿನಿಂದ ಪಾದಚಾರಿಗಳಾಗಿ ಫತೇಪುರ ಸಿಕ್ರಿಗೆ ಬಂದು ಆ ದೊರೆಯನ್ನು ಕಂಡರು. ಅವರ ಪ್ರಾರ್ಥನೆಯ ಮೇರೆಗೆ ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆಯು ನಿಷೇಧವಾಯಿತು, ಪಂಜರದ ಪಕ್ಷಿಗಳಿಗೆ ಬಿಡುಗಡೆಯಾಯಿತು, ಡಾಬರ್ ಸರೋವರದಲ್ಲಿ ಮೀನು ಹಿಡಿಯುವುದು ನಿಂತಿತು. ಅವರಿಗೆ ಜಗದ್ಗುರು ಎಂಬ ಬಿರುದು ಸಂದಿತು.

ಪುರಾಣಗಳಲ್ಲಿ ಕೂಗು

ವಾಲ್ಮೀಕಿಯ ರಾಮಾಯಣದಲ್ಲಿ ಮಾರೀಚನ ಮಾಯಾಮೃಗವು ದೀವದ ಜಿಂಕೆಯೇ ಸರಿ. ವಿಮಲಸೂರಿಯ ಜೈನ ರಾಮಾಯಣ ಪರಂಪರೆಯಲ್ಲಿ ಈ ಚಿನ್ನದ ಜಿಂಕೆಯ ಪ್ರಸಂಗವಿಲ್ಲ. ವಿಮಲಸೂರಿಯ ಪಉಮಚರಿಯದಲ್ಲಿ ಲಕ್ಷ್ಮಣನು ಆಪತ್ತು ಬಂದರೆ ಸಿಂಹನಾದ ಮಾಡುವೆನೆಂದು ಅಣ್ಣನಿಗೆ ಹೇಳಿ ಯುದ್ಧಕ್ಕೆ ಹೋಗುತ್ತಾನೆ. ಈ ಸಂಕೇತವನ್ನು ವಿದ್ಯಾಬಲದಿಂದ ತಿಳಿದ ರಾವಣನು ಅಂತಹದೇ ಕೃತಕ ಸಿಂಹನಾದವನ್ನು ಹೊರಡಿಸುತ್ತಾನೆ. ತಮ್ಮನ ಮೇಲಿನ ವಾತ್ಸಲ್ಯದಿಂದ ರಾಮನು ಅತ್ತ ಧಾವಿಸಲು ಸೀತಾಪಹರಣವು ಸಾಧ್ಯವಾಗುತ್ತದೆ. ಜಿಂಕೆಯ ಆಸೆಯ ಬದಲಿಗೆ ಸೋದರವಾತ್ಸಲ್ಯವೇ ಇಲ್ಲಿ ರಾಮನನ್ನು ಸೆಳೆಯುವ ಹಗ್ಗವಾಯಿತು. ರಾವಣನು ಮಾಡಿದುದು ಅಕ್ಷರಶಃ ಬೇಟೆಗಾರನ ಕೆಲಸ. ಪರಸ್ತ್ರೀವ್ಯಸನಕ್ಕೆ ದೃಷ್ಟಾಂತನಾದ ಅವನಲ್ಲಿ ಮಾಯಾಕಷಾಯವು ಎಷ್ಟು ಪ್ರಬಲವಾಗಿತ್ತೆಂಬುದನ್ನು ಈ ಕಥೆಯು ತೋರಿಸುತ್ತದೆ.

ಜನ್ನನು ಕ್ರಿ.ಶ. 1209ರಲ್ಲಿ ಕನ್ನಡಿಸಿದ ಯಶೋಧರಚರಿತೆಯು ಈ ವಿಷಯಕ್ಕೆ ಅತ್ಯಂತ ಸಮೀಪವಾದುದು. ಯಶೋಧರನು ತಾಯಿಯ ಮಾತಿಗೆ ಕಟ್ಟುಬಿದ್ದು ಜೀವಂತ ಕೋಳಿಯ ಬದಲು ಹಿಟ್ಟಿನ ಹುಂಜವನ್ನು ಬಲಿಕೊಟ್ಟನು. ಅದು ಬರಿಯ ಪ್ರತಿರೂಪ. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತಿರ್ಯಂಚರಾಗಿ ತೊಳಲಿದರು. ಪ್ರತಿರೂಪವನ್ನು ಕೊಂದರೇ ಇಷ್ಟು ಪಾಪವಾದರೆ, ಪ್ರತಿರೂಪವನ್ನು ಮುಂದಿಟ್ಟು ಜೀವವನ್ನೇ ಕೊಲ್ಲುವವನ ಗತಿಯೇನು? ಆ ಕಥೆಯ ಇನ್ನೊಂದು ಸಂದರ್ಭವೂ ಮನನೀಯವಾಗಿದೆ. ಕೋಳಿಗಳಾಗಿ ಹುಟ್ಟಿದ್ದ ಆ ಜೀವಗಳು ಮುನಿಯ ಧರ್ಮೋಪದೇಶವನ್ನು ಕೇಳಿ ವ್ರತವನ್ನು ತಾಳಿ ಹರ್ಷದಿಂದ ಕೂಗಿದವು. ಅದೇ ಹೊತ್ತಿಗೆ ಯಶೋಮತಿ ರಾಜನು ತನ್ನ ರಾಣಿ ಕುಸುಮಾವಳಿಗೆ ಶಬ್ದವೇಧಿ ವಿದ್ಯೆಯನ್ನು ತೋರಿಸುವ ಚಪಲದಿಂದ ಕೂಗು ಕೇಳಿದ ಕಡೆಗೆ ಬಾಣವನ್ನು ಬಿಟ್ಟು ಎರಡನ್ನೂ ಕೊಂದನು. ಧರ್ಮಾನಂದದ ಕೂಗು ಅವನ ಕಿವಿಗೆ ಕೇವಲ ಗುರಿಯಾಗಿ ಕೇಳಿಸಿತು. ಅವನು ಕೊಂದುದು ಹಿಂದಿನ ಜನ್ಮದ ತನ್ನ ತಂದೆಯನ್ನೂ ಅಜ್ಜಿಯನ್ನೂ. ಆ ಜೀವಗಳೇ ಮತ್ತೆ ಅವನ ಮಕ್ಕಳಾಗಿ, ಅಭಯರುಚಿ ಅಭಯಮತಿಯರಾಗಿ ಜನಿಸಿದವು.

ಇದೇ ಯಶೋಮತಿಯು ಮುಂದೆ ಬೇಟೆಗೆ ಹೊರಟು, ಧ್ಯಾನಸ್ಥರಾಗಿದ್ದ ಸುದತ್ತ ಮುನಿಗಳ ಮೇಲೆ ನಾಯಿಗಳನ್ನು ಬಿಟ್ಟಾಗ ಅವು ಮುನಿಗಳಿಗೆ ವಂದಿಸಿ ನಿಂತವು. ಆಗ ರಾಜನಿಗೆ ಬುದ್ಧಿ ಹೇಳಿದವನು ಕಲ್ಯಾಣಮಿತ್ರನೆಂಬ ವರ್ತಕ. ಅರಸನ ಬೇಟೆಯನ್ನು ತಡೆದು ಧರ್ಮದ ಕಡೆಗೆ ತಿರುಗಿಸಿದವನು ಮಂತ್ರಿಯೂ ಅಲ್ಲ, ಸೇನಾಪತಿಯೂ ಅಲ್ಲ, ವ್ಯಾಪಾರಿ ಎಂಬುದನ್ನು ನಮ್ಮ ವರ್ತಕ ಸಮಾಜವು ಸದಾ ನೆನಪಿನಲ್ಲಿಡಬೇಕು.

ಇದಕ್ಕೆ ಪ್ರತಿಯಾಗಿ ಭಗವಾನ್ ನೇಮಿನಾಥರ ಚರಿತೆಯನ್ನು ನೋಡಬೇಕು. ರಾಜೀಮತಿಯೊಡನೆ ವಿವಾಹಕ್ಕೆ ಹೊರಟಿದ್ದ ಅವರು ದಾರಿಯಲ್ಲಿ ಕೂಡಿಹಾಕಿದ್ದ ಮೃಗಗಳ ಆಕ್ರಂದನವನ್ನು ಕೇಳಿದರು. ಕಾರಣವನ್ನು ವಿಚಾರಿಸಿ ತಿಳಿದು, ಮದುವೆಯನ್ನು ತೊರೆದು ಗಿರನಾರಿಗೆ ನಡೆದರು. ಪ್ರಾಣಿಯ ಕೂಗನ್ನು ಮನುಷ್ಯನು ಕೇಳಬೇಕಾದ ರೀತಿಯು ಇದು. ಬೇಟೆಗಾರನ ಕಿವಿಯೂ ಬಹಳ ಸೂಕ್ಷ್ಮವಾದುದೇ. ಮರಿಯ ಕೂಗಿಗೂ ಹೆಣ್ಣಿನ ಕೂಗಿಗೂ ಇರುವ ಭೇದವನ್ನು ಅವನು ನೇಮಿನಾಥರಷ್ಟೇ ಚೆನ್ನಾಗಿ ಕೇಳಬಲ್ಲನು. ಕೇಳಿದ ಮೇಲೆ ಅದನ್ನು ಏನು ಮಾಡುತ್ತೇವೆಂಬುದರಲ್ಲಿ ತೀರ್ಥಂಕರನ ಮಾರ್ಗವೂ ವ್ಯಾಧನ ಮಾರ್ಗವೂ ಬೇರೆಯಾಗುತ್ತವೆ.

ಶಾಸ್ತ್ರದ ಲೆಕ್ಕ

ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಮಾಯೆಯು ತಿರ್ಯಂಚ ಆಯುಷ್ಯದ ಬಂಧಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವು ಸಾರುತ್ತದೆ. ವಂಚನೆ ಮಾಡಿದವನು ಮೃಗಪಕ್ಷಿಗಳ ಯೋನಿಯಲ್ಲಿ ಹುಟ್ಟುತ್ತಾನೆ ಎಂದು ಇದರ ತಾತ್ಪರ್ಯ. ಮೃಗವನ್ನು ವಂಚಿಸುವವನಿಗೆ ಮೃಗಜನ್ಮವೇ ಫಲವೆಂಬ ಈ ವಾಕ್ಯದಲ್ಲಿ ಕರ್ಮದ ನಿಯಮವು ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿದೆ.

ಹಿಂಸೆಯ ವಿಧಗಳನ್ನು ನಮ್ಮ ಶಾಸ್ತ್ರಕಾರರು ಲೆಕ್ಕದ ಪುಸ್ತಕದಂತೆ ವಿಂಗಡಿಸಿದ್ದಾರೆ. ಸಂಕಲ್ಪಿಸುವುದು, ಸಾಧನಗಳನ್ನು ಸಿದ್ಧಗೊಳಿಸುವುದು, ಕಾರ್ಯವನ್ನು ಆರಂಭಿಸುವುದು ಎಂದು ಮೂರು. ಮನಸ್ಸು, ವಚನ, ಕಾಯ ಎಂದು ಮೂರು. ತಾನೇ ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ಮೂರು. ಇವುಗಳನ್ನು ನಾಲ್ಕು ಕಷಾಯಗಳಿಂದ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ 108 ಮಣಿಗಳನ್ನು ಎಣಿಸುವಾಗ ಈ ಲೆಕ್ಕವನ್ನೂ ಸ್ಮರಿಸುವುದು ಯೋಗ್ಯ. ದೀವದ ಬೇಟೆಯಲ್ಲಿ ‘ಸಿದ್ಧಗೊಳಿಸುವ’ ಭಾಗವೇ ದೊಡ್ಡದು. ಹಕ್ಕಿಯನ್ನು ತಿಂಗಳುಗಟ್ಟಲೆ ಪಂಜರದಲ್ಲಿಟ್ಟು ಸಾಕುವಾಗ ಅಹಿಂಸಾಣುವ್ರತದ ಅತಿಚಾರಗಳಾದ ಬಂಧನ, ಅನ್ನಪಾನನಿರೋಧಗಳು ಆ ದೀವದ ಹಕ್ಕಿಗೇ ಸಂಭವಿಸುತ್ತವೆ. ಒಂದು ಜೀವವನ್ನು ಕೊಲ್ಲುವುದಕ್ಕಾಗಿ ಇನ್ನೊಂದು ಜೀವವನ್ನು ವಿಶ್ವಾಸಘಾತಕನ ಸ್ಥಾನದಲ್ಲಿ ನಿಲ್ಲಿಸಲಾಗುತ್ತದೆ.

‘ನಾವು ಬೇಟೆಯಾಡುವುದಿಲ್ಲವಲ್ಲ’ ಎಂದು ಶ್ರಾವಕರು ಸಮಾಧಾನಪಡುವುದುಂಟು. ಆದರೆ ಅಕಲಂಕದೇವರ ರಾಜವಾರ್ತಿಕದಲ್ಲಿ ಪಾಪೋಪದೇಶವೆಂಬ ಅನರ್ಥದಂಡವನ್ನು ವಿವರಿಸುವಾಗ ‘ವಧಕೋಪದೇಶ’ ಎಂಬುದೊಂದನ್ನು ಹೇಳಲಾಗಿದೆ. ಇಂತಹ ಸ್ಥಳದಲ್ಲಿ ಜಿಂಕೆ, ಹಂದಿ, ಹಕ್ಕಿಗಳು ವಿಶೇಷವಾಗಿವೆಯೆಂದು ಬೇಟೆಗಾರರಿಗೆ ತಿಳಿಸುವುದೇ ವಧಕೋಪದೇಶ. ತೋಟದ ಬೇಲಿಯ ಬಳಿ ಮೊಲ ಕಂಡಿತೆಂದು ಅಂಗಡಿಯ ಕಟ್ಟೆಯಲ್ಲಿ ಕುಳಿತು ಆಡುವ ಮಾತೂ ಇದರಲ್ಲಿ ಸೇರುತ್ತದೆ. ಉರುಳಿಗೆಂದು ತಿಳಿದೂ ತಂತಿಯನ್ನು ಮಾರುವುದು, ಬಲೆಯನ್ನು ಮಾರುವುದು ಸಮಂತಭದ್ರಾಚಾರ್ಯರು ಹೇಳಿದ ಹಿಂಸಾದಾನದ ವ್ಯಾಪ್ತಿಗೆ ಬರುತ್ತದೆ.

ಇಲ್ಲಿ ಒಂದು ನ್ಯಾಯದ ಮಾತನ್ನು ಹೇಳುವುದು ಅಗತ್ಯ. ಹರಣಶಿಕಾರಿ, ಹಕ್ಕಿಪಿಕ್ಕಿ ಮೊದಲಾದ ಸಮುದಾಯಗಳು ತಲೆತಲಾಂತರದಿಂದ ಉರುಳು, ಬಲೆ, ದೀವಗಳಿಂದ ಹೊಟ್ಟೆ ಹೊರೆದವರು. ಪಾರ್ದಿ ಎಂಬ ಹೆಸರೂ ಬೇಟೆಯ ಹೆಸರೇ. 1871ರ ಅಪರಾಧಿ ಬುಡಕಟ್ಟು ಕಾಯಿದೆಯು ಇಂತಹ ಅನೇಕ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರೆಂಬ ಮುದ್ರೆಯನ್ನು ಒತ್ತಿತು. ಸ್ವಾತಂತ್ರ್ಯಾನಂತರ 1952ರಲ್ಲಿ ಆ ಕಳಂಕವು ಕಾನೂನಿನಿಂದ ತೊಲಗಿತು. ಹಸಿವಿನಿಂದ ಬಲೆ ಒಡ್ಡಿದವನನ್ನು ಮಾತ್ರ ಹಳಿದು, ಅವನಿಂದ ಕೊಂಡವನನ್ನೂ ವಿನೋದಕ್ಕೆ ಬೇಟೆಯಾಡಿದ ಅರಸನನ್ನೂ ಬಿಟ್ಟುಬಿಟ್ಟರೆ ನಮ್ಮ ಅಹಿಂಸೆಯು ಪಕ್ಷಪಾತಿಯಾಗುತ್ತದೆ. ಕಾರಿತ, ಅನುಮೋದಿತಗಳ ಪಾಲನ್ನು ಶಾಸ್ತ್ರವು ಯಾರಿಗೂ ಮನ್ನಾ ಮಾಡಿಲ್ಲ.

ಒಂದು ಆಕ್ಷೇಪ

ಮನುಷ್ಯರನ್ನು ತಿನ್ನುವ ಹುಲಿಯನ್ನು ಉಪಾಯದಿಂದಲ್ಲದೆ ಹೇಗೆ ನಿವಾರಿಸುವುದು ಎಂದು ಕೆಲವರು ಕೇಳುತ್ತಾರೆ. ಜಿಮ್ ಕಾರ್ಬೆಟ್ ಅವರು 1938ರ ನವೆಂಬರಿನಲ್ಲಿ ಕುಮಾವೂನಿನ ಥಾಕ್ ಗ್ರಾಮದ ನರಭಕ್ಷಕ ಹೆಣ್ಣುಹುಲಿಯನ್ನು ಗಂಡುಹುಲಿಯ ಕೂಗನ್ನು ಅನುಕರಿಸಿಯೇ ಕರೆದು ಕೊಂದರು. ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರೂ ನಮ್ಮ ಗಡಿಯಾಚೆಯ ಜವಳಗಿರಿಯ ಹೆಣ್ಣುಹುಲಿಯ ವಿಷಯದಲ್ಲಿ ಇದೇ ಉಪಾಯವನ್ನು ಅನುಸರಿಸಿದ್ದನ್ನು 1954ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಇಂದೂ ಊರಿಗೆ ನುಗ್ಗುವ ಚಿರತೆಯನ್ನು ಹಿಡಿಯಲು ಬೋನಿನ ಒಂದು ಭಾಗದಲ್ಲಿ ನಾಯಿಯನ್ನೋ ಮೇಕೆಯನ್ನೋ ಕಟ್ಟುವುದುಂಟು.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಭಾಗಿಸಿರುವುದು ಇಂತಹ ಸಂದರ್ಭಗಳಿಗಾಗಿಯೇ. ಆತ್ಮರಕ್ಷಣೆಗಾಗಿ, ಆಶ್ರಿತರ ರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ಬಿಡಲಾರನು. ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು. ಆದರೂ ವಿರೋಧೀ ಹಿಂಸೆಯು ಪುಣ್ಯವೆಂದು ಯಾವ ಆಚಾರ್ಯರೂ ಹೇಳಿಲ್ಲ. ಅದು ಅನಿವಾರ್ಯವಾದ ನಷ್ಟ. ಅದನ್ನು ಲಾಭದ ಖಾತೆಯಲ್ಲಿ ಬರೆದರೆ ಲೆಕ್ಕವೇ ಸುಳ್ಳಾಗುತ್ತದೆ. ಕಾರ್ಬೆಟ್ ಅವರು ತಮ್ಮ ಉತ್ತರಾಯುಷ್ಯದಲ್ಲಿ ಬಂದೂಕಿಗಿಂತ ಛಾಯಾಚಿತ್ರಯಂತ್ರವನ್ನೇ ಹೆಚ್ಚು ಪ್ರೀತಿಸಿದರೆಂಬುದು ಪ್ರಸಿದ್ಧವಾಗಿದೆ.

ನಮ್ಮ ಸೀಮೆಯ ಸಂಕಟವೂ ಸುಳ್ಳಲ್ಲ. ಜೋಗಿಮಟ್ಟಿಯ ಕಾಡು, ಸುತ್ತಣ ಗುಡ್ಡಗಳು ಕರಡಿ, ಚಿರತೆಗಳ ನೆಲೆ. ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಮೆಕ್ಕೆಜೋಳ, ಶೇಂಗಾ ಹೊಲವನ್ನು ಹಾಳುಗೆಡವಿದಾಗ ರೈತನ ಕಣ್ಣೀರು ನಿಜವಾದುದು. ಆ ನಷ್ಟಕ್ಕೆ ಸರ್ಕಾರದಿಂದ ಪರಿಹಾರ ದೊರಕಿಸಿಕೊಡಲು, ಅರ್ಜಿ ಬರೆದುಕೊಡಲು, ಬೇಲಿಗೆ ನೆರವಾಗಲು ಊರಿನ ಉಳ್ಳವರು ಮುಂದಾಗಬೇಕು. ಅದನ್ನು ಮಾಡದೆ ಉಪದೇಶವನ್ನು ಮಾತ್ರ ಮಾಡಿದರೆ ರೈತನು ಸಿಡಿಮದ್ದನ್ನೇ ನಂಬುತ್ತಾನೆ. ಆದರೆ ಮಾಗಿಯ ಚಳಿಯಲ್ಲಿ ಸ್ನೇಹಿತರೊಡನೆ ಹೊರಟು, ಮೊಬೈಲಿನಲ್ಲಿ ತುಂಬಿಸಿಕೊಂಡ ಹಕ್ಕಿಯ ಧ್ವನಿಯನ್ನು ಹಚ್ಚಿ ಬಲೆ ಒಡ್ಡುವುದಕ್ಕೆ ಬೆಳೆರಕ್ಷಣೆಯ ಸಬೂಬು ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ದೃಷ್ಟಿಯಲ್ಲಿ ಕೊಲ್ಲುವುದು ಮಾತ್ರವೇ ಬೇಟೆಯಲ್ಲ. ಉರುಳು ಒಡ್ಡುವುದು, ಆಮಿಷ ತೋರುವುದು, ಅಂತಹ ಪ್ರಯತ್ನ ಮಾಡುವುದು ಇವೆಲ್ಲವೂ ಬೇಟೆಯೇ. ಸಂಕಲ್ಪವನ್ನೂ ಸಿದ್ಧತೆಯನ್ನೂ ಹಿಂಸೆಯೆಂದು ಗಣಿಸಿದ ನಮ್ಮ ಆಚಾರ್ಯರ ವಿವೇಕಕ್ಕೆ ಈ ಕಾಯಿದೆಯು ಹತ್ತಿರ ಬಂದಿದೆ.

ಅಂಗಡಿಯಲ್ಲಿಯ ದೀವ

ಕಾಡಿನ ದೀವವನ್ನು ಕುರಿತು ಇಷ್ಟು ಹೇಳಿದ ಮೇಲೆ ಪೇಟೆಯ ದೀವವನ್ನು ಕುರಿತು ಮೌನವಾಗಿದ್ದರೆ ಲೇಖನವು ಅಪೂರ್ಣವಾಗುತ್ತದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತೂಕ ಅಳತೆಗಳ ಹೆಚ್ಚುಕಡಿಮೆಯ ಬೆನ್ನಿಗೆ ಬರುವುದು ‘ಪ್ರತಿರೂಪಕ ವ್ಯವಹಾರ’. ಉತ್ತಮ ವಸ್ತುವಿನಂತೆ ಕಾಣುವ ಕೀಳು ವಸ್ತುವನ್ನು ಬೆರೆಸಿ ಅಥವಾ ತೋರಿಸಿ ಮಾರುವುದೆಂದು ಅದರ ಅರ್ಥ. ಪ್ರತಿರೂಪವನ್ನು ತೋರಿಸಿ ನಂಬಿದವನನ್ನು ಸೆಳೆಯುವುದೇ ಇಲ್ಲಿಯೂ ನಡೆಯುವ ಕೆಲಸ. ಗೌಜಲಹಕ್ಕಿಯ ಪಂಜರಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ನಮ್ಮ ಭೀಮಸಮುದ್ರವು ಅಡಿಕೆಯಿಂದ ಬದುಕುವ ಊರು. ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂಬ ಒಂದೊಂದು ಜಾತಿಗೂ ಒಂದೊಂದು ಬೆಲೆಯುಂಟು. ಚೀಲದ ಬಾಯಲ್ಲಿ ಒಳ್ಳೆಯ ಅಡಿಕೆ, ತಳದಲ್ಲಿ ಕಳಪೆ ಅಡಿಕೆ. ಹಳೆಯ ಮಾಲಿಗೆ ಹೊಸ ಬಣ್ಣ. ದೂರದ ಖರೀದಿದಾರನಿಗೆ ಒಂದು ಮಾದರಿ, ಲಾರಿಗೆ ಬೇರೊಂದು ಮಾಲು. ರೈತನಿಗೆ ಹೆಚ್ಚಿನ ದರದ ಆಸೆ ತೋರಿಸಿ ಕರೆಸಿಕೊಂಡು ತೂಕದಲ್ಲಿ ಕಳೆಯುವುದು. ಇಂತಹ ಯಾವುದೇ ನಡತೆಯನ್ನು ‘ವ್ಯಾಪಾರದ ಜಾಣ್ಮೆ’ ಎಂದು ಕರೆಯುವವನು ದೀವದ ಬೇಟೆಗಾರನನ್ನು ನಿಂದಿಸುವ ಅಧಿಕಾರವನ್ನು ಕಳೆದುಕೊಳ್ಳುತ್ತಾನೆ. ರೈತನು ವರ್ತಕನ ಕರೆಗೆ ಓಗೊಟ್ಟು ಬರುವುದು ನಂಬಿಕೆಯಿಂದ. ತಲೆಮಾರುಗಳಿಂದ ಒಂದೇ ಮಂಡಿಗೆ ಮಾಲು ತರುವ ಮನೆತನಗಳು ತಕ್ಕಡಿಯನ್ನು ನೋಡುವುದೇ ಇಲ್ಲ, ವರ್ತಕನ ಮುಖವನ್ನು ನೋಡುತ್ತವೆ. ಆ ನಂಬಿಕೆಯೇ ನಮ್ಮ ಮೂಲಧನ. ಅದನ್ನು ಆಮಿಷವಾಗಿ ಬಳಸಿದ ದಿನ ಅಂಗಡಿಯು ಬೋನಾಗುತ್ತದೆ.

ಉಪಸಂಹಾರ

ಬೇಟೆಯ ಇತಿಹಾಸವನ್ನು ಅವಲೋಕಿಸಿದಾಗ ಒಂದು ಸತ್ಯವು ಗೋಚರಿಸುತ್ತದೆ. ಆಯುಧಗಳು ಕಾಲಕಾಲಕ್ಕೆ ಬದಲಾದವು. ಬಿಲ್ಲು ಹೋಗಿ ಬಂದೂಕು ಬಂದಿತು, ಪಂಜರದ ಹಕ್ಕಿ ಹೋಗಿ ಧ್ವನಿಯಂತ್ರವು ಬಂದಿತು. ಸೆಳೆಯುವ ತತ್ತ್ವವು ಮಾತ್ರ ಮೆಗಸ್ತನೀಸನ ಕಾಲದಿಂದ ಇಂದಿನವರೆಗೂ ಒಂದೇ ಆಗಿದೆ. ಜೀವಿಯ ಹಸಿವು, ಪ್ರೇಮ, ವಾತ್ಸಲ್ಯಗಳನ್ನು ಅದರ ಮೃತ್ಯುವಿಗೆ ದಾರಿಯಾಗಿಸುವುದೇ ಆ ತತ್ತ್ವ. ಬ್ರಹ್ಮಗಿರಿಯ ಬಂಡೆಯ ಮೇಲೆ ಪ್ರಾಣಿದಯೆಯೂ ಸತ್ಯವೂ ಒಂದರ ಪಕ್ಕದಲ್ಲಿ ಒಂದು ಕೆತ್ತಲ್ಪಟ್ಟಿರುವುದಕ್ಕೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನ ಬೇಕಿಲ್ಲ. ಪರಸ್ಪರ ಉಪಕಾರವೇ ಜೀವಗಳ ಧರ್ಮವೆಂದು ನಂಬಿದ ನಾವು, ಒಂದು ಜೀವವು ನಮ್ಮ ಕರೆಗೆ ಓಗೊಟ್ಟು ಬಂದರೆ ಅದು ಕ್ಷೇಮವಾಗಿ ಹಿಂದಿರುಗುವಂತೆ ನಡೆದುಕೊಳ್ಳಬೇಕು. ಆ ಜೀವವು ಕಾಡಿನ ಹಕ್ಕಿಯಾಗಿರಲಿ, ಚೀಲವನ್ನು ಹೊತ್ತು ಬಂದ ರೈತನಾಗಿರಲಿ, ಶ್ರಾವಕನ ವ್ರತವು ಒಂದೇ.